ಬೀರುವಿನಲ್ಲಿಟ್ಟ ದನಿ

"ಅಮ್ಮಾ, ಇನ್ನೂ ಆ ಹಳೇ ಹಾರ್ಡ್ ಡಿಸ್ಕನ್ನೇ ನಂಬಿಕೊಂಡಿದ್ದೀಯಲ್ಲ! ಒಂದು ಎಸ್ಎಸ್‌ಡಿ ತಗೊಂಡುಬಿಡು" ಅಂದಳು ಹಬ್ಬಕ್ಕೆ ಬಂದ ಮಗಳು. ಬೆಲೆ ಕೇಳಿದ್ದೇ ತಡ, ನಮ್ಮವರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ನನಗೋ ಯೋಚನೆಗಿಟ್ಟುಕೊಂಡಿತು. ಆ ಡಿಸ್ಕಿನಲ್ಲಿ ನಮ್ಮತ್ತೆ ಹಾಡಿದ ಹಸೆ ಹಾಡುಗಳಿವೆ. ಮೈದುನನ ಮದುವೆಯಲ್ಲಿ ಎರಡು ಕ್ಯಾಸೆಟ್ಟಿಗೆ ಹಿಡಿದಿದ್ದೆವು. ಒಂದಕ್ಕೆ ಬೀರುವಿನಲ್ಲೇ ಬೂಷ್ಟು ಬಂದು ಹಾಳಾಯಿತು. ಉಳಿದದ್ದನ್ನು ಮಗಳು ಕಂಪ್ಯೂಟರಿಗೆ ಏರಿಸಿಕೊಟ್ಟಳು. ಅತ್ತೆ ಹೋಗಿ ಹನ್ನೊಂದು ವರ್ಷ. ಇದೂ ಹೋದರೆ ಆ ದನಿ ಮತ್ತೆಲ್ಲಿ ಸಿಕ್ಕೀತು?

ದುಡ್ಡು ಕೊಡುವ ಮುಂಚೆ ತಿಳಿದುಕೊಳ್ಳೋಣ ಅಂತ ಮಗಳನ್ನು ಕೂರಿಸಿಕೊಂಡು ಕೇಳಿದೆ. ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತೋ ಇನ್ನೂ ಹೆಚ್ಚೋ ತಿರುಗುತ್ತದೆ. ಓದುವ ಕಡ್ಡಿ ಅದಕ್ಕೆ ತಾಗದಂತೆ, ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ಕೈಜಾರಿ ಬಿತ್ತೋ, ತಟ್ಟೆ ಗೀರಿ ಎಲ್ಲಾ ಹೋಗಬಹುದು. ಎಸ್ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಚಿಪ್‌ನೊಳಗಿನ ಪುಟ್ಟ ಪುಟ್ಟ ಕೋಣೆಗಳಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಿ ನೆನಪಿಟ್ಟುಕೊಳ್ಳುತ್ತದೆ. ಬಿದ್ದರೂ ಸುಲಭಕ್ಕೆ ಕೆಡದು, ವೇಗವೂ ಜಾಸ್ತಿ.

"ಹಾಗಾದ್ರೆ ಬೀರುವಿನಲ್ಲಿಟ್ಟು ಹತ್ತು ವರ್ಷ ಮರೆತುಬಿಡಬಹುದಾ?"

"ಅದೇ ಆಗಲ್ಲಮ್ಮಾ. ಕರೆಂಟು ಕೊಡದೆ ವರ್ಷಗಟ್ಟಲೆ ಬಿಟ್ರೆ ಆ ಕಣಗಳು ಮೆಲ್ಲಗೆ ಸೋರಿಹೋಗಬಹುದು. ಸೆಕೆ ಜಾಗದಲ್ಲಿ ಇನ್ನೂ ಬೇಗ."

ಹಾಗಂತ ಹಾರ್ಡ್ ಡಿಸ್ಕೇನು ಚಿರಂಜೀವಿಯಲ್ಲ. ಅದೂ ಕೆಲವೇ ವರ್ಷಕ್ಕೆ ಕೆಡುವುದುಂಟು. ಇನ್ನು ವಸ್ತು ಉಳಿದರೂ ಅದನ್ನು ನುಡಿಸುವ ಯಂತ್ರ ಸಿಗಬೇಕಲ್ಲ? ನಮ್ಮ ಮದುವೆಯ ವಿಡಿಯೋ ಕ್ಯಾಸೆಟ್ ನೋಡೋಣವೆಂದರೆ ವಿಸಿಆರ್ ಇಲ್ಲ. ಜಪಾನಿನ ಫುನಾಯ್ ಕಂಪನಿ 2016ರಲ್ಲೇ ಅದರ ತಯಾರಿಕೆ ನಿಲ್ಲಿಸಿತು. ಪೆಟ್ಟಿಗೆಯೇನೋ ಗಟ್ಟಿಯಾಗಿದೆ, ಬೀಗದ ಕೈ ಕಳೆದುಹೋಗಿದೆ!

ಆಗ ಅತ್ತೆಯೇ ನೆನಪಾದರು. ಅವರೆ ಬೀಜಕ್ಕೆ ಬೂದಿ ಬೆರೆಸಿ ಮಡಕೆಯಲ್ಲಿಡುತ್ತಿದ್ದರು. ಆದರೆ ಮಡಕೆಯನ್ನೇ ನಂಬಿ ಕೂರಲಿಲ್ಲ. ವರ್ಷವರ್ಷ ಬಿತ್ತಿ ಹೊಸ ಬೀಜ ಮಾಡಿಕೊಳ್ಳುತ್ತಿದ್ದರು. ಅಕ್ಕಪಕ್ಕದವರಿಗೂ ಒಂದು ಹಿಡಿ ಕೊಡುತ್ತಿದ್ದರು. "ನಮ್ಮದು ಕೆಟ್ಟರೆ ಅವರ ಮನೇಲಿರುತ್ತೆ ಕಣೇ" ಅನ್ನುತ್ತಿದ್ದರು.

ನಾನೂ ಅದನ್ನೇ ಮಾಡಿದೆ. ಚೀಲದಲ್ಲಿಟ್ಟುಕೊಂಡು ಊರೂರು ಓಡಾಡುವ ಮಗಳಿಗೆ ಎಸ್ಎಸ್‌ಡಿ ಸರಿ. ಮನೆಯಲ್ಲೇ ಇರುವ ನನಗೆ, ಅದೇ ಅಳತೆಯದು ಅದಕ್ಕಿಂತ ಅಗ್ಗಕ್ಕೆ ಸಿಗುವ ಇನ್ನೊಂದು ಹಾರ್ಡ್ ಡಿಸ್ಕೇ ಸಾಕು. ಅದರಲ್ಲಿ ಎಲ್ಲವನ್ನೂ ನಕಲು ಮಾಡಿ ಶಿವಮೊಗ್ಗದ ನಾದಿನಿಯ ಮನೆಗೆ ಕಳಿಸಿದೆ. ವರ್ಷಕ್ಕೊಮ್ಮೆ, ಗೌರಿಹಬ್ಬದ ದಿನ, ಇಲ್ಲಿ ನಾವು, ಅಲ್ಲಿ ಅವಳು ಹಾಕಿ ಕೇಳುವುದೆಂದು ಮಾತಾಯಿತು. ಒಂದು ಕೆಟ್ಟಿದ್ದರೆ ಅಂದೇ ತಿಳಿಯುತ್ತದೆ, ಇನ್ನೊಂದರಿಂದ ತುಂಬಿಸಿಕೊಳ್ಳಬಹುದು.

ಮೊದಲ ಸಲ ಹಾಕಿದಾಗ ನಮ್ಮವರು ಪೇಪರು ಕೆಳಗಿಟ್ಟು ಕೂತರು. ಹಾಡು ಮುಗಿದರೂ ಎತ್ತಿಕೊಳ್ಳಲಿಲ್ಲ.

ನಿಮ್ಮನೆ ಬೀರುವಿನಲ್ಲೂ ಇಂಥದ್ದೊಂದು ಇದ್ದರೆ, ಹೊಸದು ಕೊಳ್ಳುವ ಮಾತು ಆಮೇಲಿರಲಿ, ಇವತ್ತೇ ತೆಗೆದು ಒಮ್ಮೆ ಕೇಳಿ ನೋಡಿ.