ತೊಗಲು ಮತ್ತು ನೋಟುಬುಕ್ಕು

ಇಟಗಿಗೆ ಜನ ಬರುವುದು ಭೀಮಾಂಬಿಕೆಯ ದರ್ಶನಕ್ಕೆ. ಬಂದವರ ಕಾಲ್ಮರಿಯ ಉಂಗುಟ ಕಿತ್ತಾಗ ಮಾತ್ರ ನಮ್ಮಪ್ಪನ ನೆನಪಾಗುತ್ತದೆ. ಆ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಂತು, ಬಿ.ಎ. ಮುಗಿಸಿದ ನಾವು ಕೇಳಿದೆವು:

"ಯಪ್ಪಾ, ಪದ್ಯದ ನೋಟುಬುಕ್ಕಿಗೆ ತೊಗಲಿನ ಹೊದಿಕೆ ಮಾಡಬೇಕು. ಮ್ಯಾಲೆ ಚಿತ್ತಾರ ಒತ್ತಬೇಕು."

ಅಪ್ಪ ಆರಿ ಕೆಳಗಿಟ್ಟ. "ತೊಗಲು ಬಿಡ್ಲಿ ಅಂತ ಸಾಲಿಗೆ ಕಳಿಸಿದ್ರ, ಪುಸ್ತಕಕ್ಕ ತೊಗಲು ಹಚ್ಚಾಕ ಬಂದೀಯೇನಲೇ?"

ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಒಂದು ಲೆಕ್ಕ ಬಾಕಿ ಇತ್ತು. ಸಾಲಿಯಲ್ಲಿ ಮಾಸ್ತರರೊಬ್ಬರು ಎಲ್ಲರ ನೋಟುಬುಕ್ಕು ತೊಡೆಯ ಮೇಲಿಟ್ಟು ತಿದ್ದುತ್ತಿದ್ದರು. ನಮ್ಮದನ್ನು ನೆಲಕ್ಕೆ ಇಡಿಸಿ, ಪೆನ್ನಿನ ತುದಿಯಿಂದ ಹಾಳೆ ತಿರುವುತ್ತಿದ್ದರು. ನಮ್ಮ ಅಕ್ಷರದಲ್ಲಿ ತಪ್ಪಿರಲಿಲ್ಲ. ನಾವು ಹುಟ್ಟಿದ ಕೇರಿಯೇ ತಪ್ಪಾಗಿತ್ತು.

ಗದಗಿನ ಪೇಟೆಯಿಂದ ಮಿರಿಮಿರಿ ಮಿಂಚುವ ತೊಗಲು ತಂದೆವು. ನೀರು ಸವರಿ ಒತ್ತಿದರೆ ಗುರುತೇ ನಿಲ್ಲಲಿಲ್ಲ. ಅಪ್ಪ ಮೂಸಿ ನೋಡಿ ಎಸೆದ. ಅದು ಕ್ರೋಮಿನಲ್ಲಿ ಹದ ಮಾಡಿದ್ದು. ಚಿತ್ತಾರ ಹಿಡಿಯುವುದು ತಂಗಡಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ತೊಗಲು. ಅಟ್ಟದ ಮೇಲಿಂದ ಅಂಥದೊಂದು ಹಳೆಯ ತುಂಡು ಇಳಿಸಿ, ರಂಪಿಗೆಯಿಂದ ಹಿಂಬದಿ ಹೆರೆದು ತೆಳ್ಳಗೆ ಮಾಡಿಕೊಟ್ಟ.

"ಒದ್ದಿ ಮಾಡು, ನೆನಿಹಾಕಬ್ಯಾಡ," ಎಂದ. ತೇವಗೊಂಡ ತೊಗಲು ಮತ್ತೆ ತನ್ನ ಬಣ್ಣಕ್ಕೆ ತಿರುಗುವ ಹೊತ್ತು, ಕೆನ್ನೆಗೆ ಹಚ್ಚಿದರೆ ತಣ್ಣಗಿರುವ ಹೊತ್ತು: ಅದೇ ಒತ್ತುವ ಹೊತ್ತು.

ಅಳತೆಯಲ್ಲೂ ನಾವು ಸೋತೆವು. ಪುಸ್ತಕ ತೆರೆದಿಟ್ಟು ಪಟ್ಟಿ ಹಿಡಿದು ಗೆರೆ ಎಳೆದಿದ್ದೆವು. ಅಪ್ಪ ನಕ್ಕ. "ಮುಚ್ಚಿ ಅಳಿ. ಮಡಚಿದಲ್ಲಿ ತೊಗಲು ತಿಂತೈತಿ." ಮುಚ್ಚಿದ ಪುಸ್ತಕಕ್ಕೆ ದಾರ ಸುತ್ತಿ, ಬೆನ್ನಿನ ದಪ್ಪ ಸೇರಿಸಿ, ಒಳಮಡಿಕೆಗೂ ಹೊಲಿಗೆಗೂ ಬಿಟ್ಟು ಕತ್ತರಿಸಿದ. ಹೆಬ್ಬೆಟ್ಟಿನವನು ಪದವೀಧರನಿಗೆ ಪುಸ್ತಕದ ಅಳತೆ ಕಲಿಸಿದ.

ಚಿತ್ತಾರ ಏನು? ಕಮಲ ಬೇಡ, ನವಿಲು ಬೇಡ. ತೊಗಲಿಗೆ ಹದ ಕೊಟ್ಟ ತಂಗಡಿಯ ಐದೆಸಳಿನ ಹೂವೇ ಸಾಕು ಎಂದುಕೊಂಡೆವು. ಗೆರೆಯನ್ನು ಅರ್ಧ ದಪ್ಪ ಮೀರದಂತೆ ಕೊಯ್ದು, ತುದಿ ಉಜ್ಜಿದ ಮೊಳೆಯಿಂದ ಗೆರೆಯ ಹೊರಬದಿಯನ್ನು ತಟ್ಟುತ್ತ ಹೋದೆವು. ಹೂ ಎದ್ದು ಬಂತು. ಹೂವನ್ನು ಯಾರೂ ಎತ್ತಿರಲಿಲ್ಲ, ಸುತ್ತಲಿನದನ್ನು ತುಳಿದಿದ್ದೆವು. ಊರು ಎತ್ತರವಾಗಿ ಕಂಡದ್ದೂ ಹೀಗೇ ಅಲ್ಲವೇ ಗೆಳೆಯರೇ?

ಮಾದಾರ ಚೆನ್ನಯ್ಯನ ವಚನಾಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ಅದನ್ನು ಬರೆದು ನಾವು ಪರೀಕ್ಷೆಯಲ್ಲಿ ಅಂಕ ಪಡೆದೆವು. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಅಂದು ಹೇಳಿದೆವು. "ನಮ್ಮ ಸಾಮಾನು ಪದ್ಯದಾಗೈತೇನು?" ಎಂದು ಎರಡು ಸಲ ಕೇಳಿದ. ಆಮೇಲೆ ಸುಮ್ಮನೆ ಹೊಲಿದ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಕರ್ನಾಟಕದಿಂದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಆ ಪಟ್ಟಿಯಲ್ಲಿವೆ. ಗದಗ ಇಲ್ಲ. 1997ರವರೆಗೆ ನಾವೂ ಧಾರವಾಡ ಜಿಲ್ಲೆಯೇ. ಗಡಿ ಸರಿದರೆ ಕೈಯ ಕಸುಬೂ ಸರಿಯುತ್ತದೆಯೇ? 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿ ಮೆರೆಸಿತು. ಅದರ ಮೂಲ ಯಾವುದೆಂದು ಒಪ್ಪಿದ್ದು ಗಲಾಟೆ ಎದ್ದ ಮೇಲೆ. ಅಲ್ಲಿ ತೊಗಲಿಗೆ ಮೈಲಿಗೆ ಇಲ್ಲ. ಮೈಲಿಗೆ ಎಲ್ಲ ನಮ್ಮ ಕೈಗೆ.

ಹಾಗಂತ ನಮ್ಮ ಹುಡುಗರು ಮತ್ತೆ ರಂಪಿಗೆ ಹಿಡಿಯಲಿ ಎಂದು ನಾವು ಹಾಡುವುದಿಲ್ಲ. ಕಸುಬನ್ನು ಹೊಗಳಿ ಕಸುಬಿನವನನ್ನು ಅಲ್ಲೇ ಕೂಡಿಸುವ ಆಟ ನಮಗೆ ಗೊತ್ತು. ಅಪ್ಪನ ಸಿಟ್ಟು ಸರಿಯೇ ಇತ್ತು. ಆದರೆ ಬಿಡುವ ಹಕ್ಕೂ ಹಿಡಿಯುವ ಹಕ್ಕೂ ನಮ್ಮದೇ ಆಗಬೇಕು.

ಹಳ್ಳಿಯ ಮಾಸ್ತರರೇ, ನಮ್ಮ ಕೇರಿಯ ಕೂಸು ನಾಳೆ ನೋಟುಬುಕ್ಕು ತಂದರೆ ಪೂರ್ತಿ ಅಂಗೈಯಲ್ಲಿ ಹಿಡಿಯಿರಿ. ತೊಡೆಯ ಮೇಲಿಟ್ಟು ತಿದ್ದಿರಿ.