ಅಟ್ಟಿಸಿಕೊಂಡು ಹೋದವರು

ಸೊಲ್ಯೂಷನ್ ಟ್ಯೂಬುಗಳು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿವೆ ಎಂಬುದನ್ನು ಮೊದಲು ಗಮನಿಸಿದವರು ನಮ್ಮ ಮೊಹಲ್ಲಾದ ಪಂಚರ್ ಅಂಗಡಿಯ ಚಾಚಾ. ಅವರು ಅದನ್ನು ಯಾರಿಗೂ ಹೇಳಲಿಲ್ಲ. 'ಇಲಿ ಎತ್ತಿಕೊಂಡು ಹೋಗ್ತಿರಬೇಕು ಅಂದ್ಕೊಂಡಿದ್ದೆ' ಎಂದು ಎಷ್ಟೋ ದಿನಗಳ ಮೇಲೆ ಹೇಳಿದರು. ನಾವು ಯಾರೂ ನಗಲಿಲ್ಲ. ನಾವೂ ಅಂಥದೇ ಏನೋ ಅಂದುಕೊಂಡು ಸುಮ್ಮನಿದ್ದವರೇ. ಭಟ್ಟಿಗೆ ಹೋಗುವ ಹುಡುಗರ ಕಣ್ಣು ಕೆಂಪಾದರೆ ಅದು ಹೊಗೆಯಿಂದ ಅಂದುಕೊಂಡೆವು. ಮಾತು ತೊದಲಿದರೆ ನಿದ್ದೆಗೆಟ್ಟಿದ್ದಾನೆ ಅಂದುಕೊಂಡೆವು.

ನಮ್ಮದು ದಾವಣಗೆರೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಂದ ಹೆಸರಾಗಿದ್ದ ಊರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ನಮ್ಮ ಕಡೆಯವರಿಗೆ ಉಳಿದದ್ದು ಮಂಡಕ್ಕಿ ಭಟ್ಟಿ, ಹಮಾಲಿ, ಗ್ಯಾರೇಜು. ಹನ್ನೆರಡು ಹದಿಮೂರು ವರ್ಷದ ಹುಡುಗ ದುಡಿಯಲು ಹೋಗುವುದು ನಮಗೆ ವಿಶೇಷ ಅನಿಸುವುದಿಲ್ಲ. ಉರ್ದು ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವನು ಎಂಟನೆಗೆ ಕನ್ನಡ ಹೈಸ್ಕೂಲಿಗೆ ಹೋಗಬೇಕು. ಅಲ್ಲಿ ವಿಜ್ಞಾನದ ಪುಸ್ತಕ ತೆರೆದರೆ ಒಂದು ಪುಟ ಓದಲು ಅರ್ಧ ದಿನ ಬೇಕು. ಆ ಹೊಳೆಯನ್ನು ಹೇಗೋ ದಾಟಿ ಬಂದವರಾದ ನಮಗೆ ಅದರ ಆಳ ಗೊತ್ತು. ದಾಟಲಾಗದವನು ಹಿಂದಿನ ಬೆಂಚಿನಿಂದ ಎದ್ದು ಗ್ಯಾರೇಜಿಗೆ ಹೋಗುತ್ತಾನೆ. ಟಿ.ಸಿ. ಕೇಳಲೂ ಬರುವುದಿಲ್ಲ.

ಅವನು ಅಂಥ ಹುಡುಗ. ನಮ್ಮ ಮನೆಗೆ ಕನ್ನಡ ಓದಲು ಬರುತ್ತಿದ್ದ. ಒತ್ತಕ್ಷರ ಬಂದಾಗಲೆಲ್ಲ ಉಗುಳು ನುಂಗಿ ನಿಲ್ಲುತ್ತಿದ್ದ. ಬರುವುದು ನಿಲ್ಲಿಸಿದಾಗ ಎರಡು ಸಲ ಹೇಳಿ ಕಳಿಸಿದೆವು, ಮೂರನೆಯ ಸಲ ಕಳಿಸಲಿಲ್ಲ. ಕಥೆ ಬರೆಯುವ ಕೆಲಸವಿತ್ತು.

2016ರ ರಮಜಾನ್. ಜೂನ್ ತಿಂಗಳು, ಮಳೆ ಹಿಡಿದಿತ್ತು. ತರಾವೀಹ್ ಮುಗಿಸಿ ಹೊರಬಂದಾಗ, ಮುಚ್ಚಿದ ಮಿಲ್ಲಿನ ಗೋಡೆಯ ಹಿಂದೆ ಹುಡುಗರು ಕೂತಿದ್ದಾರೆ, ಪ್ಲಾಸ್ಟಿಕ್ ಕವರಿನಲ್ಲಿ ಮುಖ ಇಟ್ಟುಕೊಂಡಿದ್ದಾರೆ ಎಂದು ಯಾರೋ ಹೇಳಿದರು. ಆರೇಳು ಜನ ಹೊರಟೆವು. ಕೆಲವರ ಕೈಯಲ್ಲಿ ಟಾರ್ಚು, ಕೆಲವರ ಕೈಯಲ್ಲಿ ಚಪ್ಪಲಿ. ರೋಜಾ ತಿಂಗಳಲ್ಲಿ ಹೀಗೆ ಮಾಡುತ್ತಾರಲ್ಲ ಎಂಬ ಸಿಟ್ಟು ಹಸಿವಿನ ಹಾಗೆ ಹೊಟ್ಟೆಯಲ್ಲಿ ಕೂತಿತ್ತು. 'ಪಕ್ಡೋ, ಪಕ್ಡೋ' ಎಂದು ಕೂಗಿದವರಲ್ಲಿ ನಾವೂ ಇದ್ದೆವು. ಹುಡುಗರು ಚದುರಿ ಓಡಿದರು. ನೂರು ಹೆಜ್ಜೆ ಓಡಿರಲಿಕ್ಕಿಲ್ಲ, ಒಬ್ಬ ಕೆಸರಿನಲ್ಲಿ ಮುಗ್ಗರಿಸಿ ಬಿದ್ದ. ಟಾರ್ಚಿನ ಬೆಳಕಿನಲ್ಲಿ ತುಟಿ ನೀಲಿಯಾಗಿದ್ದು ಕಂಡಿತು. ಆಮೇಲೆ ಮುಖ ಗುರುತಾಯಿತು.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವನ ಅಂಗಿಯ ವಾಸನೆ ಹಿಡಿದು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: 'ಓಡಿಸಿದ್ರಾ?'

ಸೊಲ್ಯೂಷನ್‌ನಲ್ಲಿ ಟಾಲ್ವೀನ್‌ನಂಥ ದ್ರಾವಕಗಳಿರುತ್ತವೆ. ಮೂಗಿನಿಂದ ಎಳೆದರೆ ಕೆಲವೇ ಕ್ಷಣಗಳಲ್ಲಿ ಮಿದುಳು ಮುಟ್ಟುತ್ತವೆ. ಆ ಹೊತ್ತಿನಲ್ಲಿ ಹೃದಯ ಎಷ್ಟು ಸೂಕ್ಷ್ಮವಾಗಿರುತ್ತದೆಂದರೆ, ಹೆದರಿ ಓಡಿದಾಗ ರಕ್ತಕ್ಕೆ ನುಗ್ಗುವ ಅಡ್ರಿನಲಿನ್ ಒಂದೇ ಅದರ ತಾಳ ತಪ್ಪಿಸಲು ಸಾಕು. ಮೊದಲ ಸಲ ಎಳೆದವನೂ ಹೀಗೆ ನಿಂತಲ್ಲೇ ಸಾಯಬಹುದು. ಅಂಥ ಹುಡುಗ ಕಂಡರೆ ಕೂಗಬಾರದು, ಬೆನ್ನಟ್ಟಬಾರದು. ಮೆಲ್ಲಗೆ ಹತ್ತಿರ ಹೋಗಿ ಗಾಳಿ ಬರುವ ಕಡೆ ಕೂರಿಸಬೇಕು. ಡಾಕ್ಟರಮ್ಮ ಇದನ್ನೆಲ್ಲ ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅಲ್ಲಾಹನ ದಯೆಯಿಂದ ಹುಡುಗ ಬದುಕಿದ. ನಾವು ಮಾತ್ರ ಕಲಿತಿರಲಿಲ್ಲ. ಮುಂದಿನ ಜುಮ್ಮಾದಲ್ಲಿ ಮೈಕಿನಿಂದ ಹೆಸರು ಹೇಳದೆ, ಗಲ್ಲಿಯ ಹೆಸರು ಮಾತ್ರ ಹೇಳಿ, ಇಂಥ ಮಕ್ಕಳ ಮನೆಯವರೊಡನೆ ವ್ಯವಹಾರ ಇಟ್ಟುಕೊಳ್ಳಬೇಡಿ ಎಂದು ಸಾರಿಸಿದೆವು. ಆ ಗಲ್ಲಿಯಲ್ಲಿ ಅಂಥ ಮನೆ ಒಂದೇ ಇತ್ತು. ಹಮಾಲಿ ಮಾಡುವ ಅವನ ಅಬ್ಬಾ ಸಾಲಿನ ಕೊನೆಯಲ್ಲಿ ಕೂತಿದ್ದರು. ನಮಾಜು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಮುಂದಿನ ವಾರದಿಂದ ಎರಡು ಫರ್ಲಾಂಗು ಆಚೆಯ ಮಸೀದಿಗೆ ಹೋಗತೊಡಗಿದರು. ಅವನ ಅಮ್ಮಿ ಮಗನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ಯಲಿಲ್ಲ, ಅಲ್ಲಿಂದ ಪೊಲೀಸರಿಗೆ ಹಿಡಿದುಕೊಡುತ್ತಾರೆಂಬ ಭಯ. ಸೊಲ್ಯೂಷನ್ ಟ್ಯೂಬು 1985ರ ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲೇ ಇಲ್ಲ ಎಂದು ಆಕೆಗೆ ಹೇಳಬೇಕಾದವರು ನಾವು. ಸ್ವಲ್ಪ ಗಾಂಜಾ ಸಿಕ್ಕವನಿಗೂ, ತಾನಾಗಿ ಚಿಕಿತ್ಸೆಗೆ ಹೋದರೆ, ಅದೇ ಕಾಯಿದೆಯ 64ಎ ಕಲಮಿನಲ್ಲಿ ರಕ್ಷಣೆಯಿದೆ. ಆದರೆ ಆಗ ನಮಗೇ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಂಡಿರಲಿಲ್ಲ.

ಪ್ರತಿ ವರ್ಷ ಜೂನ್ 26ಕ್ಕೆ ಶಾಲೆಗಳಲ್ಲಿ ಮಾದಕವಸ್ತು ವಿರೋಧಿ ದಿನ ನಡೆಯುತ್ತದೆ. ತಲೆಬುರುಡೆಯ ಚಿತ್ರ, ಪ್ರತಿಜ್ಞೆ, ಒಂದು ಭಾಷಣ, ಬಾಳೆಹಣ್ಣು. ನಾವೂ ಅಂಥ ವೇದಿಕೆಗಳಲ್ಲಿ ಕೂತವರೇ. ಒಮ್ಮೆ ಭಾಷಣಕಾರರು ಯಾವ ಯಾವ ಅಮಲು ಪದಾರ್ಥಕ್ಕೆ ಯಾವ ಹೆಸರು, ಏನು ಬೆಲೆ ಎಂದೆಲ್ಲ ವಿವರಿಸಿ ಮುಗಿಸಿದಾಗ ಒಬ್ಬ ಹುಡುಗ ಎದ್ದು, 'ಸಾರ್, ಅದು ಎಲ್ಲಿ ಸಿಗುತ್ತೆ?' ಎಂದು ಕೇಳಿದ. ಸಭೆ ನಕ್ಕಿತು. ಹುಡುಗ ತಮಾಷೆಗೆ ಕೇಳಿದ್ದನೋ ಇಲ್ಲವೋ ನಮಗೆ ಇವತ್ತಿಗೂ ಅನುಮಾನ. ಹೆದರಿಸುವ ಚಿತ್ರ, ಒಂದು ದಿನದ ಭಾಷಣ, ಅಮಲು ಬಿಟ್ಟವರ ಕಥೆ ಹೇಳಿಸುವುದು, ಇವುಗಳಿಂದ ಪ್ರಯೋಜನವಿಲ್ಲ, ಕೆಲವೊಮ್ಮೆ ಕೆಡುಕೇ ಹೆಚ್ಚು ಎಂದು ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ 2013ರಲ್ಲೇ ಹೊರತಂದ ಮಾರ್ಗಸೂಚಿ ಹೇಳುತ್ತದೆ. ತಂದೆತಾಯಿಗೆ ಮಗುವಿನೊಡನೆ ಮಾತಾಡಲು ಕಲಿಸುವುದು, ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು, ಇಂಥ ಸಪ್ಪೆ ಕೆಲಸಗಳೇ ಫಲ ಕೊಡುತ್ತವಂತೆ. ಸಪ್ಪೆ ಕೆಲಸಕ್ಕೆ ಬ್ಯಾನರು ಬೇಕಾಗುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲವೇನೋ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ಅಂಕಿ ನಮ್ಮನ್ನು ತಡೆದು ನಿಲ್ಲಿಸಿತು. ಎಲ್ಲ ಅಮಲುಗಳಲ್ಲೂ ದೊಡ್ಡವರೇ ಮುಂದು, ಮೂಗಿನಿಂದ ಎಳೆಯುವ ಅಮಲು ಒಂದರಲ್ಲಿ ಮಾತ್ರ ಮಕ್ಕಳು ಮುಂದು. ದೊಡ್ಡವರಲ್ಲಿ ನೂರಕ್ಕೆ 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ 1.17. ಚಿಕಿತ್ಸೆಯ ನೆರವು ಬೇಕಾದ ಮಕ್ಕಳೇ 4.6 ಲಕ್ಷ ಎಂಬ ಅಂದಾಜು. ಬಾಟಲಿಯಲ್ಲಿ ಬರುವ ವೈಟ್ನರನ್ನು 2012ರಲ್ಲೇ ನಿಷೇಧಿಸಿದ್ದರು. ಆದರೆ ಪಂಚರ್ ಹಾಕುವ ಸೊಲ್ಯೂಷನನ್ನು ನಿಷೇಧಿಸಲಾದೀತೆ?

ನಮ್ಮ ದಾರಿ ಬದಲಾದದ್ದು ಹೊಸದಾಗಿ ಬಂದ ಪೇಶ್ ಇಮಾಮರಿಂದ. ಅವರು ಒಂದು ಜುಮ್ಮಾದಲ್ಲಿ ಮದ್ಯದ ನಿಷೇಧ ಒಂದೇ ದಿನ ಇಳಿದು ಬರಲಿಲ್ಲ ಎಂದು ವಿವರಿಸಿದರು. ಅಲ್-ಬಕರದಲ್ಲಿ ಲಾಭಕ್ಕಿಂತ ಪಾಪ ದೊಡ್ಡದು ಎಂಬ ತಿಳಿವಳಿಕೆ, ಅನ್ನಿಸಾದಲ್ಲಿ ಅಮಲಿನಲ್ಲಿ ನಮಾಜಿನ ಹತ್ತಿರ ಬರಬೇಡಿ ಎಂಬ ಮಾತು, ಪೂರ್ತಿ ನಿಷೇಧ ಬಂದದ್ದು ಅಲ್-ಮಾಇದಾದಲ್ಲಿ. ಆಮೇಲೆ ಬುಖಾರಿಯ ಒಂದು ಹದೀಸ್ ಹೇಳಿದರು. ಕುಡಿದ ತಪ್ಪಿಗೆ ಮತ್ತೆ ಮತ್ತೆ ಶಿಕ್ಷೆಗೆ ಬರುತ್ತಿದ್ದವನನ್ನು ಯಾರೋ ಶಪಿಸಿದಾಗ ಪ್ರವಾದಿಯವರು(ಸ) ತಡೆದರು. ಅವನು ಅಲ್ಲಾಹನನ್ನೂ ಅವನ ರಸೂಲನನ್ನೂ ಪ್ರೀತಿಸುವವನು ಎಂದರು. ಶಿಕ್ಷೆ ಇತ್ತು, ಶಾಪ ಇರಲಿಲ್ಲ. ನಾವು ಎರಡನ್ನೂ ಮೈಕಿನಲ್ಲಿ ಕೊಟ್ಟಿದ್ದೆವು.

ಮದರಸಾದ ಹಾಲ್ ಸಂಜೆ ಖಾಲಿ ಇರುತ್ತಿತ್ತು. ಉರ್ದು ಏಳನೆಯಿಂದ ಕನ್ನಡ ಎಂಟನೆಗೆ ಹೋಗುವ ಮಕ್ಕಳಿಗೆ ಅಲ್ಲಿ ದಿನಾ ಒಂದು ಗಂಟೆ ಕನ್ನಡ ಓದಿಸತೊಡಗಿದೆವು. ಹೊರಗೆ ವಾಲಿಬಾಲ್ ನೆಟ್ಟು ಕಟ್ಟಿದೆವು. ಕೇರಂ ಬೋರ್ಡು ತಂದಾಗ ಕಮಿಟಿಯಲ್ಲಿ ಅದು ಮಕ್ರೂಹ್ ಹೌದೋ ಅಲ್ಲವೋ ಎಂದು ಎರಡು ತಿಂಗಳು ಜಗಳ ನಡೆಯಿತು, ಬೋರ್ಡು ಅಷ್ಟು ದಿನ ಗೋಡೆಗೆ ಒರಗಿ ನಿಂತಿತ್ತು. ಚಾಚಾ ಟ್ಯೂಬುಗಳನ್ನು ಬೀಗ ಹಾಕಿದ ಡಬ್ಬಿಯಲ್ಲಿಟ್ಟರು. ಆಶಾ ಕಾರ್ಯಕರ್ತೆಯಾದ ಆಪಾ ಮನೆಮನೆಗೆ ಹೋಗಿ ಅಮ್ಮಂದಿರ ಜೊತೆ ಕೂತು ಮಾತಾಡುತ್ತಾರೆ. 14446 ಎಂಬ ಸಹಾಯವಾಣಿಯ ನಂಬರನ್ನು ನಲ್ಲಿಯ ಕಟ್ಟೆಯ ಮೇಲಿನ ಗೋಡೆಯಲ್ಲಿ ಉರ್ದು ಮತ್ತು ಕನ್ನಡದಲ್ಲಿ ಬರೆಸಿದವರು ಅವರೇ. ಗಂಡಸರು ನೋಡದ ಜಾಗ, ಅಮ್ಮಂದಿರು ದಿನಾ ನಿಲ್ಲುವ ಜಾಗ.

ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಈಗ ಮಾತ್ರೆಗಳ ಹೆಸರು ಕೇಳಿಬರುತ್ತಿವೆ. ಹಾಲಿಗೆ ಬರಬೇಕಾದವರಲ್ಲಿ ಅರ್ಧ ಜನ ಬರುವುದಿಲ್ಲ. ಭಟ್ಟಿಯ ಕೂಲಿ ಬಿಟ್ಟು ಒತ್ತಕ್ಷರ ಕಲಿಯಲು ಬಾ ಎಂದು ಯಾವ ಬಾಯಿಂದ ಕರೆಯುವುದು?

ಆ ಹುಡುಗನನ್ನು ಕೊನೆಗೆ ಆಪಾ ಮಾತಾಡಿ ಒಪ್ಪಿಸಿ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಹಿಡಿದ. ಮೂರನೆಯ ಸಲ ಬಿಟ್ಟವನು ಇನ್ನೂ ಹಿಡಿದಿಲ್ಲ. ಈಗ ಇಪ್ಪತ್ತು ದಾಟಿದ ಯುವಕ, ಬಾಡಿಗೆಯ ಲಗೇಜ್ ಆಟೋ ಓಡಿಸುತ್ತಾನೆ. ಎದುರಾದರೆ ಸಲಾಂ ಹೇಳುತ್ತಾನೆ, ನಿಲ್ಲುವುದಿಲ್ಲ. ಅವನ ಅಬ್ಬಾ ಇವತ್ತಿಗೂ ಶುಕ್ರವಾರ ನಮ್ಮ ಮಸೀದಿಯ ಮುಂದೆಯೇ ಹಾದು ಆಚೆಯ ಮಸೀದಿಗೆ ಹೋಗುತ್ತಾರೆ. ಮಾಫಿ ಕೇಳಬೇಕೆಂದು ಕಮಿಟಿಯಲ್ಲಿ ಮಾತು ಬಂತು. ಮೈಕಿನಲ್ಲಿ ಕೇಳಬೇಕೋ, ಮನೆಗೆ ಹೋಗಿ ಕೇಳಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹೋದ ವಾರ ಅವನ ಆಟೋದ ಟಯರ್ ನಮ್ಮ ಗಲ್ಲಿಯಲ್ಲೇ ಪಂಚರಾಯಿತು. ಅಂಗಡಿ ಹತ್ತು ಹೆಜ್ಜೆ ದೂರವಿತ್ತು. ಅವನು ತಾನೇ ಗಾಲಿ ಬಿಚ್ಚಿ, ಉರುಳಿಸಿಕೊಂಡು ಹೋಗಿ ಅಂಗಡಿಯ ಬಾಗಿಲಿಗೆ ಒರಗಿಸಿ, ಹಿಂದಕ್ಕೆ ಬಂದು ರಸ್ತೆಯ ಆಚೆ ಬದಿಯಲ್ಲಿ, ಗಾಳಿ ಬರುವ ಕಡೆ ಮುಖ ಮಾಡಿ ನಿಂತ. ಚಾಚಾ ಏನೂ ಕೇಳಲಿಲ್ಲ. ಪಂಚರ್ ಹಾಕಿ, ಕೈ ಸೋಪಿನಲ್ಲಿ ತೊಳೆದುಕೊಂಡು, ಗಾಲಿಯನ್ನು ತಾವೇ ಉರುಳಿಸಿಕೊಂಡು ರಸ್ತೆ ದಾಟಿದರು.