ನೀರಿಗಿಳಿಯುವವನ ಉಡುಪು

ಈಜು ಬಲ್ಲವನಿಗೆ ತೇಲುಕವಚವೇತಕ್ಕೆ? ಈ ಪ್ರಶ್ನೆಗೆ ನಾನೊಮ್ಮೆ ತರಗತಿಯಲ್ಲಿ ತಪ್ಪು ಉತ್ತರವನ್ನು ಹೇಳಿದೆನು. ಅದು ತಪ್ಪೆಂದು ತಿಳಿಯಲು ನಾಲ್ಕು ವರ್ಷಗಳು ಬೇಕಾದುವು.

2019ನೆಯ ಆಗಸ್ಟ್ ತಿಂಗಳ ಮಹಾಪೂರವನ್ನು ನಮ್ಮ ಕೊಲ್ಲಾಪುರ ಸೀಮೆಯವರು ಮರೆತಿರಲಾರರು. ಅದೇ ತಿಂಗಳ 8ರಂದು ನೆರೆಯ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ನೀಗಿದರು. ನೀರಿಳಿದು ಶಾಲೆ ತೆರೆದಾಗ ಒಬ್ಬ ಹುಡುಗನು, “ಗುರುಗಳೇ, ರಕ್ಷಣಾದಳದವರು ಚೆನ್ನಾಗಿ ಈಜಬಲ್ಲರಷ್ಟೆ? ಅವರೇಕೆ ಆ ಕಿತ್ತಳೆ ಬಣ್ಣದ ಕವಚ ತೊಡುತ್ತಾರೆ?” ಎಂದು ಕೇಳಿದನು. “ಅದು ಅವರ ಸಮವಸ್ತ್ರ” ಎಂದು ಹೇಳಿ ನಾನು ಪಾಠವನ್ನು ಮುಂದುವರಿಸಿದೆನು. ಬೆನ್ನಿಗೆ ಒಣಸೋರೆಯನ್ನು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಸೋರೆಯನ್ನು ಬಿಚ್ಚಿ ಎಸೆದಂದೇ ಈಜುಗಾರನಾದೆನೆಂಬ ಹೆಮ್ಮೆಯು ಆ ಉತ್ತರದಲ್ಲಿ ಅಡಗಿತ್ತು.

2023ರ ಬೇಸಗೆಯ ರಜೆಯಲ್ಲಿ ಇಬ್ಬರು ಶಿಕ್ಷಕಮಿತ್ರರೊಡನೆ ಬಿದ್ರಿಯಿಂದ ಹೊರಟು, ನಿಪ್ಪಾಣಿ ಬೆಳಗಾವಿಗಳ ಮೇಲಿಂದ ಉತ್ತರ ಕನ್ನಡದ ಗಣೇಶಗುಡಿಗೆ ಹೋದೆನು. ಅಲ್ಲಿ ಸೂಪಾ ಅಣೆಕಟ್ಟಿನ ಕೆಳಗೆ ಕಾಳೀ ನದಿಯು ಬಂಡೆಗಳ ನಡುವೆ ನೊರೆಗರೆದು ಹರಿಯುತ್ತದೆ. ವಿದ್ಯುತ್ತಿಗಾಗಿ ಬಿಡುವ ನೀರಿನಿಂದ ಬೇಸಗೆಯಲ್ಲಿಯೂ ಅದರ ಸೆಳವು ಕುಂದದು. ಆ ಸೆಳವಿನಲ್ಲಿ ಕಯಾಕ್ ನಡೆಸುವುದನ್ನು ಕಲಿಯಬೇಕೆಂಬುದು ನಮ್ಮ ಆಸೆ. ಕಯಾಕ್ ಎಂದರೆ ಒಬ್ಬನೇ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ನಡೆಸುವ ಕಿರಿದೋಣಿ. ಉತ್ತರಧ್ರುವದ ಕಡೆಯ ಹಿಮಸಾಗರದ ಬೇಟೆಗಾರರು ಇದನ್ನು ತೊಗಲಿನಿಂದ ಕಟ್ಟುತ್ತಿದ್ದರು. ಅಲ್ಲಿ ಉಡುಪಿನ ಮೊದಲ ಕೆಲಸ ಚಳಿಯನ್ನು ತಡೆಯುವುದು. ನಮ್ಮ ನಾಡಿನ ಬೆಚ್ಚಗಿನ ಹೊಳೆಯಲ್ಲಿ ಹಗೆಗಳು ಬೇರೆ: ಬಂಡೆ, ಬಿಸಿಲು, ಸೆಳವು.

ನಾನು ಹತ್ತಿಯ ದಪ್ಪ ಷರಾಯಿಯನ್ನೂ ಚಪ್ಪಲಿಯನ್ನೂ ಧರಿಸಿ ಸಿದ್ಧನಾಗಿದ್ದೆನು. ತರಬೇತುದಾರನು ಎರಡನ್ನೂ ಬೇಡವೆಂದನು. ಹತ್ತಿಯು ನೀರನ್ನು ಹೀರಿ ಭಾರವಾಗುತ್ತದೆ, ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುವುದರಿಂದ, ಬೆಚ್ಚಗಿನ ಹೊಳೆಯಲ್ಲಿಯೂ ಬಹುಹೊತ್ತು ನೆನೆದವನು ನಡುಗತೊಡಗುತ್ತಾನೆ. ಆದುದರಿಂದ ತೆಳುವಾದ, ಮೈಗೊಪ್ಪುವ ನೈಲಾನ್ ಬಟ್ಟೆ ಲೇಸು. ಉದ್ದತೋಳಿನ ಅಂಗಿಯಾದರೆ ಬಿಸಿಲನ್ನೂ ತಡೆಯುತ್ತದೆ. ಜೋಲುವ ಸೆರಗು, ತೂಗುವ ದಾರ ಯಾವುದೂ ಇರಕೂಡದು. ಅದು ನೀರೊಳಗಿನ ಕೊಂಬೆಗೆ ಸಿಕ್ಕಿಕೊಂಡೀತು. ಕಾಲಿಗೆ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ರಬ್ಬರಿನ ತಳದ ಮುಚ್ಚು ಪಾದರಕ್ಷೆ ಬೇಕು. ಕನ್ನಡಕಕ್ಕೆ ಪಟ್ಟಿಯಿರಬೇಕು.

ಶಿರಸ್ತ್ರಾಣವು ಹಣೆ, ಕಣತಲೆ, ಹಿಂದಲೆಗಳನ್ನು ಮುಚ್ಚಬೇಕು; ತಲೆ ಕೊಡಹಿದರೆ ಸರಿಯಬಾರದು. ಕಯಾಕ್ ಮಗುಚಿದಾಗ ಬಂಡೆಗೆ ಮೊದಲು ತಾಗುವುದು ತಲೆಯೇ ಅಲ್ಲವೆ? ಸೊಂಟಕ್ಕೂ ದೋಣಿಯ ಬಾಯಿಗೂ ಬಿಗಿಯುವ ರಬ್ಬರಿನ ಮುಸುಕಿಗೆ ಮುಂದೆ ಒಂದು ಕುಣಿಕೆಯುಂಟು. ಅದನ್ನು ಎಳೆದರೆ ಮುಸುಕು ಕಳಚಿ ಮನುಷ್ಯನು ಹೊರಬರುತ್ತಾನೆ. ಅದು ಮರೆತು ಒಳಗೆ ಸೇರಿದರೆ ಕೈಗೆ ಸಿಕ್ಕದು. ಹೊರಡುವ ಮುನ್ನ ಅದನ್ನು ಮುಟ್ಟಿ ನೋಡುವುದೇ ಅಲ್ಲಿಯ ಮೊದಲ ಪಾಠ.

ಇನ್ನು ತೇಲುಕವಚ. ನೀರಿನಲ್ಲಿ ನಮ್ಮ ದೇಹದ ತೂಕದ ಬಹುಭಾಗವನ್ನು ನೀರೇ ಹೊರುತ್ತದೆ. ಉಳಿದ ಕೆಲವು ಕಿಲೋಗಳನ್ನು ಎತ್ತಿಹಿಡಿದರೆ ಬಾಯಿ ಮೂಗು ಮೇಲುಳಿಯುತ್ತವೆ. ಇಂತಹ ಕವಚದ ಸಾಮಾನ್ಯ ಅಳತೆ 50 ನ್ಯೂಟನ್, ಅಂದರೆ ಸುಮಾರು 5 ಕಿಲೋ. ಇಷ್ಟನ್ನು ಕೇಳಿಯೂ, “ನಾನು ಈಜುಗಾರ” ಎಂಬ ಹಮ್ಮಿನಿಂದ ನಾನು ಪಟ್ಟಿಗಳನ್ನು ಸಡಿಲಾಗಿಯೇ ಬಿಟ್ಟೆನು.

ಅಭ್ಯಾಸಕ್ಕೆಂದು ನಿಂತ ನೀರಿನಲ್ಲಿ ದೋಣಿಯನ್ನು ಮಗುಚಿದರು. ಕುಣಿಕೆಯನ್ನೆಳೆದು ಹೊರಬಂದೆನು. ಆದರೆ ಕವಚವು ಮೇಲೇರಿ ಕಿವಿಗಳವರೆಗೆ ಬಂದು ಮೋರೆಯನ್ನು ಮುಚ್ಚಿತು, ಕೈಗಳು ಆಡದಾದುವು. ಬಾವಿಯಲ್ಲಿ ಕಲಿತ ಈಜು ಒಂದೂ ನೆನಪಿಗೆ ಬರಲಿಲ್ಲ. ತರಬೇತುದಾರನು ಕ್ಷಣದಲ್ಲಿ ಹಿಡಿದೆತ್ತಿದನು. ಬೈಯಲಿಲ್ಲ, ಪಟ್ಟಿಗಳನ್ನು ಬಿಗಿದು, ಹೆಗಲ ಬಳಿ ಕವಚವನ್ನು ಹಿಡಿದು ಮೇಲಕ್ಕೆಳೆದನು. ಅದು ಅಲುಗಲಿಲ್ಲ. “ಈಗ ಸರಿ” ಎಂದನು.

ಆ ಗಳಿಗೆಯಲ್ಲಿ ಹುಡುಗನ ಪ್ರಶ್ನೆ ನೆನಪಾಯಿತು. ರಕ್ಷಣಾದಳದವರು ಕವಚ ತೊಡುವುದು ಈಜು ಬಾರದೆಂದಲ್ಲ, ಈಜು ಕೈಬಿಡುವ ಗಳಿಗೆಯೂ ಉಂಟೆಂದು ಬಲ್ಲರಾದುದರಿಂದ. ಉಡುಪನ್ನು ಆರಿಸುವುದು ತೇಲುವ ಹೊತ್ತಿಗಾಗಿ ಅಲ್ಲ, ಮಗುಚುವ ಹೊತ್ತಿಗಾಗಿ.

ಜೂನ್ ತಿಂಗಳಲ್ಲಿ ಆ ಹುಡುಗನು ಸಂತೆಯಲ್ಲಿ ಸಿಕ್ಕಿದನು. ಮೀಸೆ ಮೂಡುತ್ತಿದ್ದ ತರುಣ. “ಅಂದು ನಾನು ಹೇಳಿದ ಉತ್ತರ ತಪ್ಪು” ಎಂದು ಎಲ್ಲವನ್ನೂ ವಿವರಿಸಿದೆನು. ಅವನು ಪ್ರಶ್ನೆಯನ್ನೇ ಮರೆತಿದ್ದನು. ಆದರೂ ವಿನಯದಿಂದ ಕೇಳಿದನು. ಮರುದಿನ ಅದನ್ನೇ ತರಗತಿಯಲ್ಲಿ ಹೇಳಿದೆನು. ಹೊರಗೆ ಮೊದಲ ಮಳೆ ಹಿಡಿದಿತ್ತು. ನೆರೆ ಬಂದು ದೋಣಿ ಹತ್ತಬೇಕಾದರೆ ಕವಚವನ್ನು ಕೇಳಿ ತೊಡಿರಿ, ಪಟ್ಟಿಯನ್ನು ಬಿಗಿದು ಒಬ್ಬರದನ್ನೊಬ್ಬರು ಎಳೆದು ನೋಡಿರಿ ಎಂದು ಮಕ್ಕಳಿಂದ ಎರಡು ಸಲ ಹೇಳಿಸಿದೆನು.